ಸಮುದಾಯಾರ್ಜಿತ ನ್ಯುಮೋನಿಯಾ: ರೋಗಿಯ ಪೂರ್ವವೃತ್ತಾಂತ ಮತ್ತು ಸಂಭಾವ್ಯ ಕಾರಣಗಳು

ಆಸ್ಪತ್ರೆಯ ಹೊರಗೆ, ದೈನಂದಿನ ಜೀವನದಲ್ಲಿ ತಗಲುವ ಶ್ವಾಸಕೋಶದ ಸೋಂಕನ್ನು ಸಮುದಾಯಾರ್ಜಿತ ನ್ಯುಮೋನಿಯಾ ಎನ್ನುತ್ತಾರೆ. ಇದನ್ನು ಉಂಟುಮಾಡುವ ಬ್ಯಾಕ್ಟೀರಿಯಾಗಳಲ್ಲಿ ನ್ಯುಮೊಕಾಕಸ್ ಪ್ರಮುಖವಾದುದು. ಕಫದ ಪರೀಕ್ಷೆಯಲ್ಲಿ ರೋಗಾಣು ಪತ್ತೆಯಾಗಲು ದಿನಗಳೇ ಹಿಡಿಯಬಹುದು. ಅನೇಕ ವೇಳೆ ಪತ್ತೆಯಾಗುವುದೇ ಇಲ್ಲ. ಚಿಕಿತ್ಸೆಯಾದರೋ ಅಂದೇ ಆರಂಭವಾಗಬೇಕು. ಆದುದರಿಂದ ರೋಗಿಯ ವೃತ್ತಿ, ಪ್ರಯಾಣ, ಅಭ್ಯಾಸಗಳು ಹಾಗೂ ಇತರ ಕಾಯಿಲೆಗಳ ವಿಚಾರಣೆ ಮುಖ್ಯವಾಗುತ್ತದೆ. ಇದರಿಂದ ದೊರೆಯುವುದು ಸುಳಿವೇ ಹೊರತು ನಿರ್ಣಯವಲ್ಲ.

ಫ್ಲೂ ಇಳಿಮುಖವಾದ ಬಳಿಕ ಜ್ವರ, ಕೆಮ್ಮು ಮರುಕಳಿಸಿದರೆ ನ್ಯುಮೊಕಾಕಸ್ ಅಥವಾ ಸ್ಟ್ಯಾಫಿಲೊಕಾಕಸ್ ಆರಿಯಸ್ ಕಾರಣವಿರಬಹುದು. ಗಿಳಿ ಸಾಕುವವರಲ್ಲಿ ಸಿಟಕೋಸಿಸ್, ಕುರಿ-ಮೇಕೆಗಳ ಹೆರಿಗೆ ಮಾಡಿಸಿದವರಲ್ಲಿ ಕ್ಯೂ ಜ್ವರ ಸಂಭವನೀಯ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಗೊಂಡಿದ್ದ ಮಾಜಿ ಸೈನಿಕರನ್ನು ಬಾಧಿಸಿದ ನ್ಯುಮೋನಿಯಾದಿಂದ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳಕಿಗೆ ಬಂದಿತು. ಇದಕ್ಕೆ ಪೆನಿಸಿಲಿನ್ ವರ್ಗದ ಔಷಧಗಳು ಫಲಕಾರಿಯಲ್ಲ. ಹೀಗಾಗಿ ಇತ್ತೀಚಿನ ಪ್ರಯಾಣ, ವಾಸ್ತವ್ಯಗಳನ್ನು ಕೇಳಲಾಗುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದಲ್ಲಿ ಮಧುಮೇಹವಿರುವ ಕೃಷಿಕರಿಗೆ ನ್ಯುಮೋನಿಯಾ ಬಂದಾಗ ಕೆಸರು, ಮಣ್ಣಿನ ಸಂಪರ್ಕವನ್ನು ವಿಚಾರಿಸುವುದು ಅಗತ್ಯ. ಅದು ಮೆಲಿಯೊಯ್ಡೋಸಿಸ್ ಆಗಿದ್ದರೆ ಸಾಮಾನ್ಯವಾಗಿ ನೀಡುವ ಸೆಫ್ಟ್ರಿಯಾಕ್ಸೋನ್ ಸಾಲದು. ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಬೇಕಾಗುತ್ತದೆ. ವಾರಗಟ್ಟಲೆಯ ಕೆಮ್ಮು, ತೂಕನಷ್ಟಗಳು ಕ್ಷಯವನ್ನು ಸೂಚಿಸುತ್ತವೆ. ಅದನ್ನು ವಿಚಾರಿಸದೆ ಲಿವೊಫ್ಲಾಕ್ಸಾಸಿನ್ ನೀಡಿದರೆ ರೋಗ ತಾತ್ಕಾಲಿಕವಾಗಿ ತಗ್ಗಿದಂತೆ ಕಂಡು, ಕ್ಷಯದ ಪತ್ತೆ ವಿಳಂಬವಾಗುತ್ತದೆ.