ಮೂಲವಸ್ತುಗಳ ವರ್ಣಮಾಲೆ

ಕನ್ನಡ ಪಂಡಿತನಿಗೂ ರಸಾಯನಶಾಸ್ತ್ರಕ್ಕೂ ಏನು ನಂಟೆಂದು ನೀವು ಕೇಳಬಹುದು. ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದ ಒಂದು ದಿನ ಅವರ ತರಗತಿಯನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂತು. ಗೋಡೆಗೆ ತೂಗುಹಾಕಿದ್ದ ಆವರ್ತ ಕೋಷ್ಟಕವನ್ನು ತೋರಿಸಿ ಹುಡುಗನೊಬ್ಬ, “ಇದನ್ನು ಹೀಗೆ ಮನೆಮನೆಯಾಗಿ ಏಕೆ ಬರೆದಿದ್ದಾರೆ ಸಾರ್? ಒಂದೇ ಪಟ್ಟಿಯಾಗಿದ್ದರೆ ಉರುಹೊಡೆಯಲು ಸುಲಭವಲ್ಲವೆ?” ಎಂದ. ಉತ್ತರ ನನಗೆ ತಿಳಿದಿರಲಿಲ್ಲ; ತಿಳಿಯದೆಂದೇ ಹೇಳಿದೆ. ಬಳಿಕ ಓದಿ ತಿಳಿದುಕೊಂಡು ಆ ಮಕ್ಕಳಿಗೆ ಹೇಳಿದುದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ವರ್ಣಮಾಲೆಯನ್ನು ನೆನೆಯಿರಿ. ವರ್ಗೀಯ ವ್ಯಂಜನಗಳನ್ನು ಐದೈದರಂತೆ ಐದು ಸಾಲಾಗಿ ಬರೆಯುತ್ತೇವೆ. ಮಳೆ, ಕಾಲ ಕೂಡಿದರೆ ಮಳೆಗಾಲ. ಬೆಟ್ಟ, ತಾವರೆ ಕೂಡಿದರೆ ಬೆಟ್ಟದಾವರೆ. ಕಣ್, ಪನಿ ಕೂಡಿದರೆ ಕಂಬನಿ. ಕ, ತ, ಪ ಮೂರೂ ತಂತಮ್ಮ ಸಾಲಿನ ಮೂರನೆಯ ಅಕ್ಷರಕ್ಕೆ ಎಡೆಗೊಟ್ಟವು. ಮೂರೂ ಒಂದೇ ಕಂಬಸಾಲಿನಲ್ಲಿವೆ, ನಡತೆಯೂ ಒಂದೇ. ಅಕ್ಷರಗಳನ್ನು ಒಂದೇ ಉದ್ದ ಪಟ್ಟಿಯಾಗಿ ಬರೆದಿದ್ದರೆ ಈ ನಂಟು ಕಣ್ಣಿಗೆ ಬೀಳುತ್ತಿರಲಿಲ್ಲ.

ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಮೆಂಡೆಲೀವ್ 1869ರಲ್ಲಿ ಮೂಲವಸ್ತುಗಳಿಗೆ ಇಂಥದೇ ಜೋಡಣೆಯನ್ನು ಕೊಟ್ಟ. ಆಗ ತಿಳಿದಿದ್ದವು ಅರುವತ್ತಕ್ಕೆ ತುಸು ಹೆಚ್ಚು. ಪರಮಾಣು ತೂಕದ ಏರಿಕೆಯಂತೆ ಅವನ್ನು ಇಡುತ್ತ ಹೋದಾಗ ಗುಣಗಳು ಮರಳಿ ಮರಳಿ ಬರುವುದನ್ನು ಕಂಡ. ಒಂದೇ ಗುಣದವನ್ನು ಒಂದು ಪಂಕ್ತಿಗೆ ತರುವಾಗ ಕೆಲವೆಡೆ ಹೊಂದುವ ವಸ್ತುವೇ ಸಿಗಲಿಲ್ಲ. ಆತ ಪಂಕ್ತಿಯನ್ನು ಒತ್ತರಿಸಿ ಮುಚ್ಚಲಿಲ್ಲ. ಬರಲಿರುವ ಅತಿಥಿಗೆ ಮಣೆ ಹಾಕಿಟ್ಟಂತೆ ಸ್ಥಳ ಬಿಟ್ಟ. ಆ ಅತಿಥಿಗಳಿಗೆ ಹೆಸರನ್ನೂ ಇಟ್ಟ: ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ‘ಏಕ’ ಎಂಬುದು ಸಂಸ್ಕೃತದ ಒಂದು; ಅಲ್ಯೂಮಿನಿಯಂನಿಂದ ಒಂದು ಮನೆ ಮುಂದೆ ಎಂದು ಅರ್ಥ. ಇದನ್ನೋದಿ ನಾನು ಹಿಗ್ಗಿದ್ದು ನಿಜ. ಆದರೆ ಕೋಷ್ಟಕವೇ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಬೀಗಬಾರದು. ಇಲ್ಲಿಂದ ಹೋದದ್ದು ಎಣಿಕೆಯ ಹೆಸರು ಮಾತ್ರ, ದುಡಿಮೆ ಅವನದು.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಎಂಬ ಲೋಹವನ್ನು ಕಂಡುಹಿಡಿದ. ನಮ್ಮ ಬೇಸಗೆಯಲ್ಲಿ ಮೇಜಿನ ಮೇಲಿಟ್ಟರೂ ಕರಗಿಬಿಡುವ ಲೋಹವದು. ಅದರ ಸಾಂದ್ರತೆ ನೀರಿನದಕ್ಕಿಂತ 4.7 ಮಡಿ ಎಂದು ಆತ ಅಳೆದಿದ್ದ. ಆ ಲೋಹವನ್ನು ಕಣ್ಣಿಂದ ಕಾಣದ ಮೆಂಡೆಲೀವ್, ಇದು ತನ್ನ ಏಕ-ಅಲ್ಯೂಮಿನಿಯಂ, ಸಾಂದ್ರತೆ 5.9ರ ಸುಮಾರಿರಬೇಕು ಎಂದ. ಲೋಹವನ್ನು ಶುದ್ಧಿಮಾಡಿ ಮತ್ತೆ ಅಳೆದಾಗ 5.9 ಎಂದೇ ಬಂತು! 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ಉಳಿದೆರಡು ಮಣೆಗಳಲ್ಲಿ ಕುಳಿತವು.

ಆದರೆ ಒಂದು ತೊಡಕು ಉಳಿಯಿತು. ಟೆಲ್ಲೂರಿಯಂ ಅಯೋಡಿನ್‌ಗಿಂತ ಭಾರವಾದರೂ ಗುಣದಿಂದ ಅದಕ್ಕಿಂತ ಮೊದಲು ಕೂರಬೇಕು. ತೂಕ ನೋಡಿದವರೇ ತಪ್ಪಿರಬೇಕೆಂದು ಮೆಂಡೆಲೀವ್ ಬಗೆದ. ಈ ಸಲ ತಪ್ಪಿದವನು ಅವನೇ. ಕಾರಣ ಪರಮಾಣುವಿನ ಒಡಲಲ್ಲಿತ್ತು.

1911ರಲ್ಲಿ ರದರ್‌ಫರ್ಡ್, ಪರಮಾಣುವಿನ ನಡುವೆ ಅತಿ ಕಿರಿದಾದ, ಭಾರವಾದ ಬೀಜವಿದೆಯೆಂದು ತೋರಿಸಿದ. ಬೀಜದಲ್ಲಿ ಧನವಿದ್ಯುತ್ತಿನ ಪ್ರೋಟಾನುಗಳು, ಹೊರಗೆ ಅಷ್ಟೇ ಸಂಖ್ಯೆಯ ಋಣವಿದ್ಯುತ್ತಿನ ಎಲೆಕ್ಟ್ರಾನುಗಳು. ಬೀಜದೊಳಗೆ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇರುವುದು 1932ರಲ್ಲಿ ಚಾಡ್ವಿಕ್‌ನಿಂದ ತಿಳಿಯಿತು. ಇವು ತೂಕವನ್ನು ಕೂಡಿಸುತ್ತವೆ, ಸರದಿಯನ್ನು ಬದಲಿಸವು. ಕೋಷ್ಟಕದ ಸರದಿಯನ್ನು ಗೊತ್ತುಮಾಡುವುದು ಪ್ರೋಟಾನುಗಳ ಎಣಿಕೆಯೇ. ಕ್ಷ-ಕಿರಣಗಳನ್ನು ಅಳೆದು 1913ರಲ್ಲಿ ಇದಕ್ಕೆ ದಾರಿ ತೋರಿದವನು ಮೋಸ್ಲಿ ಎಂಬ ತರುಣ. ಟೆಲ್ಲೂರಿಯಂ 52, ಅಯೋಡಿನ್ 53, ತೊಡಕು ಬಿಡಿಸಿತು. ಎರಡೇ ವರ್ಷದಲ್ಲಿ ಮೋಸ್ಲಿ ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದ. ಆಗ ಅವನಿಗೆ 27 ವರ್ಷ.

ಗುಣಗಳೇಕೆ ಮರಳಿ ಬರುತ್ತವೆ? ಎಲೆಕ್ಟ್ರಾನುಗಳು ಬೀಜದ ಸುತ್ತ ಕವಚ ಕವಚವಾಗಿ ನೆಲಸಿವೆ. ಮೊದಲ ಕವಚಕ್ಕೆ ಎರಡು, ಎರಡನೆಯದಕ್ಕೆ ಎಂಟು. ಲಿಥಿಯಂನಲ್ಲಿ 2, 1. ಸೋಡಿಯಂನಲ್ಲಿ 2, 8, 1. ಪೊಟ್ಯಾಸಿಯಂನಲ್ಲಿ 2, 8, 8, 1. ಹೊರಗವಚದಲ್ಲಿ ಮೂರಕ್ಕೂ ಒಂಟಿ ಎಲೆಕ್ಟ್ರಾನು. ವಸ್ತು ವಸ್ತು ಕೂಡುವಾಗ ವ್ಯವಹಾರ ನಡೆಸುವುದು ಈ ಹೊರಗಿನವೇ. ಆದ್ದರಿಂದ ಮೂರರ ಸ್ವಭಾವವೂ ಒಂದೇ ಬಗೆ. ಮೂರನೆಯದು ಲಿಥಿಯಂ, ಹನ್ನೊಂದನೆಯದು ಸೋಡಿಯಂ, ಹತ್ತೊಂಬತ್ತನೆಯದು ಪೊಟ್ಯಾಸಿಯಂ. ಆದಿತಾಳದ ಎಂಟು ಅಕ್ಷರ ಮುಗಿದೊಡನೆ ಮೊದಲ ಪೆಟ್ಟು ಮರಳಿ ಬರುವಂತೆ ಎಂಟೆಂಟಕ್ಕೆ ಅದೇ ಗುಣ ಮರಳಿತು. ಆವರ್ತವೆಂಬ ಹೆಸರು ಎಷ್ಟು ಸಾರ್ಥಕ! ಮುಂದೆ ಈ ಆವರ್ತ 18ಕ್ಕೂ 32ಕ್ಕೂ ಬೆಳೆಯುತ್ತದೆ. ಕ್ಲೋರಿನ್ನಿನ ಹೊರಗವಚದಲ್ಲಿರುವವು ಏಳು, ಎಂಟಕ್ಕೆ ಒಂದು ಕಡಮೆ. ಸೋಡಿಯಂ ತನ್ನ ಒಂದನ್ನು ಕೊಡುತ್ತದೆ, ಕ್ಲೋರಿನ್ ಕೊಳ್ಳುತ್ತದೆ. ನೀರು ಸೋಕಿದರೆ ಕೆರಳುವ ಲೋಹವೂ ವಿಷದ ಗಾಳಿಯೂ ಕೂಡಿ ನಮ್ಮ ಎಲೆಯ ತುದಿಯ ಉಪ್ಪಾಗುತ್ತದೆ.

ಇಂದು ಕೋಷ್ಟಕದಲ್ಲಿ 118 ಮೂಲವಸ್ತುಗಳಿವೆ. ಕೊನೆಯ ನಾಲ್ಕಕ್ಕೆ 2016ರಲ್ಲಿ ನಾಮಕರಣವಾಗಿ ಏಳನೆಯ ಸಾಲು ತುಂಬಿತು. 119ನೆಯದನ್ನು ಇನ್ನೂ ಯಾರೂ ಪಡೆದಿಲ್ಲ. ಆದರೂ ಸೋಡಿಯಂ, ಪೊಟ್ಯಾಸಿಯಂಗಳ ಕಂಬಸಾಲಿನ ಅಡಿಯಲ್ಲಿ ಅದಕ್ಕೆ ಮಣೆ ಸಿದ್ಧವಾಗಿದೆ.

ನಿಮ್ಮ ಮನೆಯಲ್ಲಿ ಈ ಪಾಠ ಓದುವ ಮಕ್ಕಳಿದ್ದರೆ ಒಂದು ಮಾತು. ಹೆಸರುಗಳನ್ನು ಉರುಹೊಡೆಸಬೇಡಿ. ಮೊದಲ ಇಪ್ಪತ್ತು ಮೂಲವಸ್ತುಗಳ ಕವಚಗಳನ್ನು ಅವರ ಕೈಯಿಂದಲೇ ಬರೆಯಿಸಿ, ಹೊರಗವಚದ ಎಣಿಕೆ ಒಂದೇ ಆಗಿರುವವನ್ನು ಒಂದರ ಕೆಳಗೊಂದು ಇಡಿಸಿ. ಹೀಲಿಯಂ ಒಂದು ಮಾತ್ರ ಇದಕ್ಕೆ ಅಪವಾದ: ಹೊರಗೆ ಎರಡೇ ಇದ್ದರೂ ಅದರ ಕವಚ ತುಂಬಿರುವುದರಿಂದ ನಿಯಾನ್, ಆರ್ಗಾನುಗಳ ಜೊತೆ ಕೂರುತ್ತದೆ. ಕೋಷ್ಟಕ ತಾನಾಗಿ ಮೂಡುತ್ತದೆ. ನನ್ನನ್ನು ಪ್ರಶ್ನಿಸಿದ ಹುಡುಗನೂ ಹಾಗೆಯೇ ಬರೆದು ತಂದು ತೋರಿಸಿದ; ಪಟ್ಟಿಯ ಮಾತನ್ನು ಮತ್ತೆ ಎತ್ತಲಿಲ್ಲ.