ಮುಂಬಯಿ ಬಿಟ್ಟುಕೊಟ್ಟ ಒಂದು ಸ್ಥಾನ

1946ರಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆದಾಗ ಬಿ. ಆರ್. ಅಂಬೇಡ್ಕರ್ ಅವರಿಗೆ ಮುಂಬಯಿಯಿಂದ ದಾರಿ ಇರಲಿಲ್ಲ. ಪ್ರಾಂತ್ಯದ ಶಾಸಕರೇ ಪ್ರತಿನಿಧಿಗಳನ್ನು ಆರಿಸಬೇಕಿತ್ತು; ಇಲ್ಲಿ ಕಾಂಗ್ರೆಸ್ಸಿನದೇ ಬಲ, ಅಂಬೇಡ್ಕರರ ಪಕ್ಷಕ್ಕೆ ಮತಗಳಿಲ್ಲ. ಪರೇಲ್‌ನ ಚಾಳಿನಲ್ಲಿ ವರ್ಷಗಟ್ಟಲೆ ಬಾಳಿ, ದಾದರ್‌ನಲ್ಲಿ ಪುಸ್ತಕಗಳಿಗೂ ಜಾಗವಾಗಲೆಂದು ‘ರಾಜಗೃಹ’ ಕಟ್ಟಿಸಿದವರು ದೂರದ ಬಂಗಾಳದಿಂದ, ಅಲ್ಲಿನ ನಾಯಕ ಜೋಗೇಂದ್ರನಾಥ ಮಂಡಲ್ ಅವರ ಬೆಂಬಲದಿಂದ ಆರಿಸಿ ಬರಬೇಕಾಯಿತು.

ವರ್ಷ ತುಂಬುವಷ್ಟರಲ್ಲಿ ದೇಶ ಒಡೆಯುವುದು ತೀರ್ಮಾನವಾಯಿತು. ಬಂಗಾಳದ ಆ ಸ್ಥಾನವೂ ಹೋಯಿತು.

ಅದೇ ಹೊತ್ತಿಗೆ ಮುಂಬಯಿಯ ಹೆಸರಾಂತ ವಕೀಲ ಎಂ. ಆರ್. ಜಯಕರ್ ರಾಜೀನಾಮೆಯಿಂದ ಇಲ್ಲೊಂದು ಸ್ಥಾನ ತೆರವಾಗಿತ್ತು. 1947ರ ಜೂನ್ 30ರಂದು ಸಂವಿಧಾನ ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದ್, ಮುಂಬಯಿ ಸರಕಾರದ ಮುಖ್ಯಸ್ಥ ಬಿ. ಜಿ. ಖೇರ್ ಅವರಿಗೆ ಕಾಗದ ಬರೆದರು: ಜುಲೈ 14ರ ಅಧಿವೇಶನಕ್ಕೆ ಅಂಬೇಡ್ಕರ್ ಬೇಕೇ ಬೇಕು, ತಡಮಾಡದೆ ಆರಿಸಿ ಕಳಿಸಿ. ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸುತ್ತ ಬಂದವರನ್ನು ಕಾಂಗ್ರೆಸ್ ಶಾಸಕರೇ ಆರಿಸಿದರು. ಆಗಸ್ಟ್ 29ರಂದು ನೇಮಕವಾದ ಕರಡು ಸಮಿತಿಗೆ ಅವರೇ ಅಧ್ಯಕ್ಷರು. ನಮ್ಮ ಸಂವಿಧಾನದ ಕಥೆಯಲ್ಲಿ ಇದಕ್ಕಿಂತ ದೊಡ್ಡ ಮನಸ್ಸಿನ ಘಟ್ಟ ಸಿಗುವುದು ಕಷ್ಟ.

ಮುಂಬಯಿಯ ಕೆ. ಎಂ. ಮುನ್ಷಿ ಕೂಡ ಅದೇ ಸಮಿತಿಯಲ್ಲಿದ್ದರು. ಆಗಿನ ಮುಂಬಯಿ ಪ್ರಾಂತ್ಯಕ್ಕೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಸೇರಿದ್ದವು, ಎಸ್. ನಿಜಲಿಂಗಪ್ಪ, ಆರ್. ಆರ್. ದಿವಾಕರ್ ಸಭೆಯಲ್ಲಿ ಕೂತದ್ದು ಮುಂಬಯಿ ಪ್ರತಿನಿಧಿಗಳಾಗಿಯೇ. ಸಮಿತಿಯ ಮುಂದಿದ್ದ ಮೊದಲ ಕರಡು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ ಸಿದ್ಧಪಡಿಸಿದ್ದು. ಅದರ 243 ವಿಧಿಗಳು ಕೊನೆಗೆ 395 ಆದವು. ಸಲ್ಲಿಕೆಯಾದ ತಿದ್ದುಪಡಿಗಳು 7,635. ಸಭೆಯಲ್ಲಿ ಮಂಡನೆಯಾದವು 2,473.

ಚರ್ಚೆಗೆ ಹೊರತಾದದ್ದು ಯಾವುದೂ ಇರಲಿಲ್ಲ. ಪೀಠಿಕೆ ದೇವರ ಹೆಸರಿನಲ್ಲಿ ಶುರುವಾಗಲೆಂದು ಮಂಗಳೂರು ಮೂಲದ ಎಚ್. ವಿ. ಕಾಮತ್ 1949ರ ಅಕ್ಟೋಬರ್ 17ರಂದು ಸೂಚಿಸಿದರು. ಅದನ್ನು ಮತಕ್ಕೆ ಹಾಕುವುದು ಬೇಡವೆಂದು ಕೆಲವರು ಬೇಡಿಕೊಂಡರೂ ಕಾಮತ್ ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧ 68. ದೇವರ ಹೆಸರಿನ ಪ್ರಶ್ನೆಯೂ ಕೈಯೆತ್ತಿದವರ ಲೆಕ್ಕದಲ್ಲೇ ತೀರ್ಮಾನವಾಯಿತು.

ನವೆಂಬರ್ 26ರಂದು ಸಭೆ ಸಂವಿಧಾನವನ್ನು ಅಂಗೀಕರಿಸಿತು. ಪೌರತ್ವ, ಚುನಾವಣೆಗಳಿಗೆ ಸಂಬಂಧಿಸಿದ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು, ಉಳಿದವು 1950ರ ಜನವರಿ 26ಕ್ಕೆ. ಆಸ್ತಿ, ತೆರಿಗೆ, ಓದು ನೋಡಿ ಮತದ ಹಕ್ಕು ಕೊಡುತ್ತಿದ್ದ ಕಾಲದ ಶಾಸಕರು ಆರಿಸಿದ ಸಭೆ, 21 ತುಂಬಿದ ಎಲ್ಲರಿಗೂ ಮತದ ಹಕ್ಕು ಕೊಟ್ಟಿತ್ತು. 1951–52ರ ಚುನಾವಣೆಯಲ್ಲಿ ಲಾಲ್‌ಬಾಗ್, ಪರೇಲ್‌ನ ಗಿರಣಿ ಕೇರಿಗಳ ಅಕ್ಷರ ಬಾರದ ಹೆಂಗಸರ ಕೈಗೂ ಮತಪತ್ರ ಬಂತು.