‘ಚಟ್’ ಬೇರೆ, ‘ಜುಮ್’ ಬೇರೆ: ಕಂಪ್ಯೂಟರ್ ಬಿಚ್ಚುವ ಮುನ್ನ ತಿಳಿದಿರಲಿ

ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದ ತಕ್ಷಣ ‘ಚಟ್’. ಸ್ವೆಟರ್ ತೆಗೆಯುವಾಗ ಚಟಪಟ. ಫೆಬ್ರವರಿ ಬಂತೆಂದರೆ ಬೆಂಗಳೂರಿನಲ್ಲಿ ಇದು ಮಾಮೂಲು. ಕೈಯನ್ನು ಒಮ್ಮೆ ಹಿಂದಕ್ಕೆಳೆದು ಸುಮ್ಮನಾಗುತ್ತೇವೆ. ಆದರೆ ಅದೇ ಬೆರಳು ಚಿಲಕದ ಬದಲು ಸಾವಿರಾರು ರೂಪಾಯಿ ಕೊಟ್ಟು ತಂದ ರ್‍ಯಾಮ್ ಮೇಲಿದ್ದರೆ?

ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕೋದು, ರ್‍ಯಾಮ್ ಹೆಚ್ಚಿಸೋದು, ಒಳಗಿನ ಧೂಳು ತೆಗೆಯೋದು – ಇದನ್ನೆಲ್ಲ ಈಗ ವಿಡಿಯೊ ನೋಡಿಕೊಂಡು ಮನೆಯಲ್ಲೇ ಮಾಡುವವರು ಬಹಳ. ಒಳ್ಳೆಯದೇ. ಆದರೆ ಅನೇಕರು ಎರಡು ಬೇರೆ ಬೇರೆ ‘ಶಾಕ್’ಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಒಮ್ಮೆ ‘ಚಟ್’ ಅಂದು ಮುಗಿದುಹೋಗುವುದು ಸ್ಥಿರ ವಿದ್ಯುತ್, ಅಂದರೆ ಸ್ಟ್ಯಾಟಿಕ್. ಅದು ಕಂಪ್ಯೂಟರ್‌ಗೆ ಅಪಾಯ. ಕ್ಯಾಬಿನೆಟ್ ಮುಟ್ಟಿದಾಗಲೆಲ್ಲ ‘ಜುಮ್’ ಅನ್ನುವುದು ಬೇರೆ. ಅದು ನಿಮಗೇ ಅಪಾಯ.

‘ಚಟ್’ ಎಲ್ಲಿಂದ ಬರುತ್ತೆ?

ಎರಡು ವಸ್ತುಗಳು ತಾಗಿ ಬೇರೆಯಾದಾಗ ಒಂದರಿಂದ ಇನ್ನೊಂದಕ್ಕೆ ಒಂದಿಷ್ಟು ಎಲೆಕ್ಟ್ರಾನ್‌ಗಳು ಹೋಗುತ್ತವೆ. ಗಾಳಿಯಲ್ಲಿ ತೇವ ಇದ್ದರೆ ಆ ಚಾರ್ಜ್ ಮೆಲ್ಲಗೆ ಸೋರಿಹೋಗುತ್ತದೆ, ಒಣಗಾಳಿಯಲ್ಲಿ ಮೈಮೇಲೇ ಉಳಿಯುತ್ತದೆ. ಹಾಗಾಗಿ ಮಂಗಳೂರಿನ ಮಳೆಗಾಲದಲ್ಲಿ ಇದರ ಕಾಟ ಕಡಿಮೆ, ಕಲಬುರಗಿಯ ಒಣ ಬೇಸಿಗೆಯಲ್ಲಿ ಜಾಸ್ತಿ. ದಿನವಿಡೀ ಎಸಿ ಹಾಕಿದ ರೂಮಿನಲ್ಲೂ ಹಾಗೇ.

ನಮಗೆ ‘ಚಟ್’ ಅಂತ ಗೊತ್ತಾಗಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಆದರೂ ಇರಬೇಕು. ಅದು ಕಣ್ಣು ಮಿಟುಕಿಸುವುದರೊಳಗೆ ಖಾಲಿಯಾಗುವುದರಿಂದ ನಮಗೇನೂ ಆಗದು. ಚಿಪ್ ಕಥೆ ಹಾಗಲ್ಲ. ಅದರೊಳಗಿನ ಇನ್ಸುಲೇಶನ್ ಪದರ ಕೆಲವೇ ನ್ಯಾನೊಮೀಟರ್, ಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಸೂಕ್ಷ್ಮವಾದ ಕೆಲವು ಬಿಡಿಭಾಗಗಳು ನೂರು ವೋಲ್ಟ್ ಆಸುಪಾಸಿಗೇ ಕೆಡಬಹುದು. ಅಂದರೆ ನಿಮಗೆ ಏನೂ ಅನ್ನಿಸದೆಯೂ ಚಿಪ್‌ಗೆ ಪೆಟ್ಟು ಬಿದ್ದಿರಬಹುದು.

ಈಗಿನ ಚಿಪ್‌ಗಳಲ್ಲಿ ಒಂದಷ್ಟು ರಕ್ಷಣೆ ಇರುತ್ತದೆ, ನಿಜ. ಹತ್ತು ಸಲ ಅಜಾಗರೂಕತೆಯಿಂದ ಮುಟ್ಟಿದರೂ ಏನೂ ಆಗದಿರಬಹುದು. ತೊಂದರೆ ಏನೆಂದರೆ, ಪೆಟ್ಟು ಬಿದ್ದದ್ದು ಕೆಲವೊಮ್ಮೆ ಅವತ್ತೇ ತಿಳಿಯುವುದಿಲ್ಲ. ಅರ್ಧ ಕೆಟ್ಟ ರ್‍ಯಾಮ್ ತಿಂಗಳುಗಳ ನಂತರ ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತೆ, ಫೈಲ್ ಹಾಳು ಮಾಡುತ್ತೆ. ನಾವು ವಿಂಡೋಸ್‌ಗೆ ಬೈಯುತ್ತಾ ಕೂರುತ್ತೇವೆ.

ಕ್ಯಾಬಿನೆಟ್ ಬಿಚ್ಚುವಾಗ

* ಮೊದಲು ಫೋಟೊ, ದಾಖಲೆಗಳ ಬ್ಯಾಕಪ್ ತೆಗೆದುಕೊಳ್ಳಿ. ಹೊಸ ಎಸ್‌ಎಸ್‌ಡಿ ಅಂಗಡಿಯಲ್ಲಿ ಸಿಗುತ್ತೆ, ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊ ಸಿಗಲ್ಲ.
* ಸ್ಲೀಪ್ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಲ್ಯಾಪ್‌ಟಾಪ್ ಆದರೆ ಹಿಂಬದಿ ತೆರೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ.
* ಮರದ ಮೇಜಿನ ಮೇಲೆ ಕೆಲಸ ಮಾಡಿ. ಹಾಸಿಗೆ, ಕಂಬಳಿ, ಕಾರ್ಪೆಟ್ ಬೇಡ. ನೈಲಾನ್, ಉಣ್ಣೆ ಬಟ್ಟೆಗಿಂತ ಹತ್ತಿ ಬಟ್ಟೆ ವಾಸಿ.
* ಏನನ್ನಾದರೂ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗ ಮುಟ್ಟಿ. ನಿಮ್ಮ ಮೈಯ ಚಾರ್ಜ್ ಮತ್ತು ಕಂಪ್ಯೂಟರ್‌ನ ಚಾರ್ಜ್ ಸಮವಾದರೆ ಕಿಡಿ ಹಾರುವುದಿಲ್ಲ. ಮಧ್ಯೆ ಎದ್ದು ಕಾಫಿ ಕುಡಿದು ಬಂದಿರಾ? ಮತ್ತೆ ಮುಟ್ಟಿ.
* ಆ್ಯಂಟಿ ಸ್ಟ್ಯಾಟಿಕ್ ರಿಸ್ಟ್ ಸ್ಟ್ರ್ಯಾಪ್ ದುಬಾರಿಯೇನಲ್ಲ. ಕ್ಲಿಪ್ ಅನ್ನು ಇದೇ ಲೋಹದ ಭಾಗಕ್ಕೆ ಹಾಕಿ. ಅದರೊಳಗೆ ನಿಮ್ಮ ಸುರಕ್ಷತೆಗೆಂದೇ ಒಂದು ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಹಾಗಾಗಿ ಅದರ ಬದಲು ಬರೀ ವೈರ್ ಸುತ್ತಿಕೊಳ್ಳುವ ಸಾಹಸ ಖಂಡಿತ ಬೇಡ.
* ಹೊಸ ಬಿಡಿಭಾಗ ಕೊನೇ ಕ್ಷಣದವರೆಗೂ ಅದರ ಬೆಳ್ಳಿ ಬಣ್ಣದ ಕವರಿನಲ್ಲೇ ಇರಲಿ. ಅಂಚು ಹಿಡಿದು ಎತ್ತಿ, ಚಿನ್ನದ ಬಣ್ಣದ ಪಟ್ಟಿಗಳನ್ನು ಮುಟ್ಟಬೇಡಿ.
* ಧೂಳಿಗೆ ಬ್ಲೋವರ್ ಅಥವಾ ಮೃದುವಾದ ಬ್ರಷ್ ಸಾಕು. ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿಯಲ್ಲೇ ಸ್ಟ್ಯಾಟಿಕ್ ಸೇರಿಕೊಳ್ಳುತ್ತದೆ. ಗಾಳಿ ಬಿಡುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ.

‘ಜುಮ್’ ಅಂದರೆ ಎಚ್ಚರ!

ಪ್ಲಗ್ ಹಾಕಿದಾಗ ಮಾತ್ರ, ಮುಟ್ಟಿದಷ್ಟು ಹೊತ್ತೂ ಬೆರಳು ಜುಮ್ ಅನ್ನುತ್ತಿದ್ದರೆ ಅದು ಸ್ಟ್ಯಾಟಿಕ್ ಅಲ್ಲ. ಡೆಸ್ಕ್‌ಟಾಪ್‌ನ ಎಸ್‌ಎಂಪಿಎಸ್‌ನಲ್ಲಿ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಸೋರುವ ಅಲ್ಪ ಕರೆಂಟ್ ಪ್ಲಗ್‌ನ ಮೂರನೇ ಪಿನ್ ಮೂಲಕ ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ನಮ್ಮ 230 ವೋಲ್ಟ್‌ನ ಸುಮಾರು ಅರ್ಧದಷ್ಟು ಕೂತಿರುತ್ತದೆ. ಟೆಸ್ಟರ್ ಇಟ್ಟರೆ ಮಿಣಮಿಣ ಉರಿಯುವುದು ಇದಕ್ಕೇ. ಹೀಗಿರುವಾಗ ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಪೋರ್ಟ್ ಸುಟ್ಟುಹೋಗುವುದೂ ಉಂಟು.

ಆ ಕರೆಂಟ್ ಚಿಕ್ಕದು, ಬರೀ ಜುಮ್ ಅನ್ನಿಸಿ ಬಿಡುತ್ತದೆ. ಆದರೆ ಕಂಪ್ಯೂಟರ್‌ನ ಸಾಕೆಟ್‌ಗೆ ಅರ್ಥಿಂಗ್ ಇಲ್ಲದಿದ್ದರೆ ಗೀಸರ್‌ಗೆ, ವಾಷಿಂಗ್ ಮಷಿನ್‌ಗೆ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಫೇಸ್ ವೈರ್ ಬಾಡಿಗೆ ತಾಗಿದರೆ ಕರೆಂಟ್ ಭೂಮಿಗೆ ಹೋಗಲು ಮುಟ್ಟಿದವರ ಮೈಯೇ ದಾರಿ. ಅದು ಪ್ರಾಣ ಹೋಗುವ ವಿಷಯ.

ಎಷ್ಟೋ ಹಳೇ ಬಾಡಿಗೆ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತವೆ, ಮೇಲಿನದರ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ನೋಡಿಸಿ: ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಜೊತೆಗೆ 30 ಮಿಲಿಆ್ಯಂಪಿಯರ್‌ನ ಆರ್‌ಸಿಸಿಬಿ ಇದೆಯೇ ಕೇಳಿ. ಇಲ್ಲದಿದ್ದರೆ ಹಾಕಿಸಿ, ಆದರೆ ಅದು ಅರ್ಥಿಂಗ್‌ಗೆ ಬದಲಿ ಅಲ್ಲ.

ಸಾಕೆಟ್‌ನಲ್ಲೇ ನ್ಯೂಟ್ರಲ್ ಅನ್ನು ಅರ್ಥ್‌ಗೆ ಸೇರಿಸಿ ‘ಆಯ್ತು ಸಾರ್’ ಅನ್ನುವವರೂ ಇದ್ದಾರೆ. ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್ ಮೇಲೆ ಪೂರ್ತಿ ಕರೆಂಟ್ ಬರುತ್ತದೆ. ಪ್ಲಗ್‌ನ ದಪ್ಪ ಪಿನ್ ಮುರಿದು ಹಾಕುವುದು, ಟೂ ಪಿನ್ ಕನ್ವರ್ಟರ್ ಬಳಸುವುದೂ ಬೇಡ.

ಎರಡು ಪಿನ್ ಚಾರ್ಜರ್ ಇರುವ ಲೋಹದ ಲ್ಯಾಪ್‌ಟಾಪ್‌ಗಳಲ್ಲಿ ಸಣ್ಣ ಜುಮ್ ಸಹಜ. ಜೋರಾಗಿದ್ದರೆ ಅಥವಾ ಚಾರ್ಜರ್ ಕಡಿಮೆ ಬೆಲೆಯ ನಕಲಿ ಆಗಿದ್ದರೆ ಇವತ್ತೇ ಬಳಸೋದು ನಿಲ್ಲಿಸಿ.

ರ್‍ಯಾಮ್ ಹಾಕುವುದು ಒಂದು ವಾರ ತಡವಾದರೆ ಏನೂ ಮುಳುಗಲ್ಲ. ಕ್ಯಾಬಿನೆಟ್ ಜುಮ್ ಅನ್ನುತ್ತಿದೆಯಾ? ಪ್ಲಗ್ ಕಿತ್ತಿಟ್ಟು, ಮೊದಲು ಮನೆ ಓನರ್‌ಗೆ ಫೋನ್ ಮಾಡಿ.